ಕಜ್ಜಿ ಎಂಬ ಮಾತು



ಈ ಸಲ ಹಬ್ಬದ ಬಗ್ಗೆಯಾಗಲೀ ಹೋಳಿಗೆಯ ಬಗ್ಗೆಯಾಗಲೀ ಬರೆಯುವುದಿಲ್ಲ. ಊಟಕ್ಕೆ ಕೂತು ಈ ಪುಟ ತೆರೆದಿದ್ದರೆ ದಯವಿಟ್ಟು ಕೈ ತೊಳೆದು ಬಂದು ಆಮೇಲೆ ಓದಿ.

ನಮ್ಮ ಸಂಘದ ಯುಗಾದಿ ಊಟದ ದಿನ ಎಲೆ ಎತ್ತುವ ಹೊತ್ತಿಗೆ ನಿಮ್ಮಲ್ಲೇ ಒಬ್ಬ ಹುಡುಗಿ ನನ್ನನ್ನು ಮೂಲೆಗೆ ಕರೆದುಕೊಂಡು ಹೋದಳು. ಅವಳು ಶನಿವಾರಗಳಂದು ನಗರದ ಹೊರಗಿನ ಒಂದು ಮಕ್ಕಳ ಹಾಸ್ಟೆಲಿಗೆ ಹೋಗಿ ಗಣಿತ ಹೇಳಿಕೊಡುತ್ತಾಳೆ. ಅಲ್ಲಿನ ಮೂವತ್ತು ಮಕ್ಕಳಲ್ಲಿ ಹನ್ನೆರಡು ಮಂದಿ ಪಾಠದ ಹೊತ್ತಿನಲ್ಲಿ ಎಡೆಬಿಡದೆ ಕೈ ಕೆರೆದುಕೊಳ್ಳುತ್ತಿರುತ್ತಾರಂತೆ. ಇದನ್ನು ಮನೆಯಲ್ಲಿ ಹೇಳಿದ್ದಕ್ಕೆ ಅವಳ ತಾಯಿ, "ಅದು ಕಜ್ಜಿ ಕಣೇ, ಇನ್ನು ಅಲ್ಲಿಗೆ ಕಾಲಿಡಬೇಡ" ಎಂದುಬಿಟ್ಟರಂತೆ. "ಆಂಟಿ, ಕಜ್ಜಿ ಅಂದರೆ ಬೈಗುಳ ಅಲ್ವಾ? ಕಜ್ಜಿ ನಾಯಿ ಅಂತಾರಲ್ಲ?" ಎಂದು ಅವಳ ಪ್ರಶ್ನೆ. ಮಗುವಿಗೆ ಆ ಪದ ಬೈಗುಳವಾಗಿ ಮಾತ್ರ ಗೊತ್ತು. ನಗು ಬಂತು, ಹಿಂದೆಯೇ ಒಂದು ಹಳೆಯ ನೆನಪು ಬಂದು ನಗು ನಿಂತಿತು. ಆ ನೆನಪನ್ನು ಕೊನೆಯಲ್ಲಿ ಹೇಳುತ್ತೇನೆ. ಹೇಳಲೇಬೇಕು.

ಕಜ್ಜಿ ಎಂದರೆ ಡಾಕ್ಟರರ ಭಾಷೆಯಲ್ಲಿ ಸ್ಕೇಬೀಸ್. ನಮ್ಮ ಹಾವೇರಿ ಕಡೆ ಹುರುಕು ಎನ್ನುವುದೂ ಉಂಟು. ಮುಂಬಯಿಯ ನೀವು ಖರೂಜ್ ಎಂಬ ಮರಾಠಿ ಪದ ಕೇಳಿರುತ್ತೀರಿ; ಚೆನ್ನೈಯವರಿಗೆ ಸಿರಂಗು, ಹೈದರಾಬಾದಿನವರಿಗೆ ಗಜ್ಜಿ. ಇಷ್ಟು ಭಾಷೆಗಳಲ್ಲಿ ಮನೆಮಾತಾಗಿರುವ ರೋಗ ಅಪರೂಪದ್ದಾಗಿರಲು ಸಾಧ್ಯವಿಲ್ಲ ಎಂಬುದನ್ನು ನೀವೇ ಊಹಿಸಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಯಾವುದೇ ಒಂದು ದಿನ ಎಣಿಸಿದರೂ ಜಗತ್ತಿನಲ್ಲಿ 20 ಕೋಟಿಗಿಂತ ಹೆಚ್ಚು ಜನರಿಗೆ ಈ ರೋಗ ಇರುತ್ತದೆ. ಬಡ ಪ್ರದೇಶಗಳ ಮಕ್ಕಳಲ್ಲಿ ನೂರಕ್ಕೆ ಐದರಿಂದ ಹಿಡಿದು ಐವತ್ತರವರೆಗೂ ಕಂಡುಬಂದಿದೆ. ಆದರೂ ಅದೇ ಸಂಸ್ಥೆ ಈ ರೋಗವನ್ನು ತನ್ನ "ಅಲಕ್ಷಿತ ಉಷ್ಣವಲಯದ ರೋಗಗಳ" ಪಟ್ಟಿಗೆ ಸೇರಿಸಿಕೊಂಡದ್ದು 2017ರಲ್ಲಿ. ಅಲಕ್ಷಿತ ರೋಗಗಳ ಪಟ್ಟಿಯಲ್ಲಿ ಸ್ಥಾನ ಸಿಗುವುದಕ್ಕೂ ಅಷ್ಟು ಕಾಲ ಅಲಕ್ಷ್ಯಕ್ಕೆ ಒಳಗಾದ ರೋಗ ಎನ್ನಬೇಕು! ಕಾರಣ ಸರಳ. ಇದು ನೇರವಾಗಿ ಕೊಲ್ಲುವುದಿಲ್ಲ. ಬಂದವರು ಬಾಯಿ ಬಿಡುವುದಿಲ್ಲ. ಬಾಯಿ ಬಿಡದಿದ್ದರೆ ಎಣಿಕೆ ಸಿಗುವುದಿಲ್ಲ, ಎಣಿಕೆ ಇಲ್ಲದ್ದಕ್ಕೆ ಸರಕಾರ ಹಣ ಕೊಡುವುದಿಲ್ಲ.

ನಾನು ಓದಿದ ಹಳ್ಳಿಯ ಶಾಲೆಯಲ್ಲಿ 1970ರ ದಶಕದ ಕೊನೆಗೆ ಪ್ರತಿ ಚಳಿಗಾಲವೂ ಒಂದು ದೃಶ್ಯ. ಹೆಡ್ ಮಾಸ್ತರರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, "ಬೆರಳು ಬಿಡಿಸಿ ತೋರಿಸ್ರೋ" ಎನ್ನುತ್ತಿದ್ದರು. ಬೆರಳ ಸಂದಿಯಲ್ಲಿ ಗುಳ್ಳೆ ಇದ್ದವರು ಒಂದು ಕಡೆ, ಇಲ್ಲದವರು ಇನ್ನೊಂದು ಕಡೆ. ಗುಳ್ಳೆಯವರ ಸಾಲೇ ಯಾವಾಗಲೂ ಉದ್ದ. ಮನೆಗೆ ಹೋದರೆ ಗಂಧಕವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮೈಗೆಲ್ಲ ಬಳಿದು ಬಿಸಿಲಿಗೆ ಕೂರಿಸುತ್ತಿದ್ದರು. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಆದರೆ ನಮಗೆ ನಾಚಿಕೆ ಇರಲಿಲ್ಲ, ಏಕೆಂದರೆ ಎಲ್ಲರಿಗೂ ಇತ್ತು. ನಾಚಿಕೆ ನನಗೆ ಹತ್ತಿದ್ದು ಪಟ್ಟಣಕ್ಕೆ ಬಂದ ಮೇಲೆ. ಅಂದ ಹಾಗೆ ಗಂಧಕವನ್ನು ಹಳೆಯ ಕಾಲದ ಮೌಢ್ಯವೆಂದು ಹೀಗಳೆಯಬೇಡಿ. ಇಂದಿಗೂ ಎಳೆಗೂಸುಗಳಿಗೆ ವೈದ್ಯರು ಗಂಧಕದ ಮುಲಾಮು ಬರೆದುಕೊಡುವುದುಂಟು.

ಈಗ ಈ ಕಾಯಿಲೆಯ ಒಳಗುಟ್ಟನ್ನು ಸ್ವಲ್ಪ ನೋಡೋಣ. ಇದಕ್ಕೆ ಕಾರಣ ಎಂಟು ಕಾಲಿನ ಒಂದು ನುಸಿ. ಹೆಣ್ಣು ನುಸಿಯ ಉದ್ದ ಅರ್ಧ ಮಿಲಿಮೀಟರಿಗೂ ಕಡಿಮೆ. ಅದು ನಮ್ಮ ಚರ್ಮದ ತೀರ ಮೇಲಿನ ಪದರದಲ್ಲಿ ಸುರಂಗ ಕೊರೆಯುತ್ತ, ದಿನಕ್ಕೆ ಎರಡು ಮೂರು ಮೊಟ್ಟೆ ಇಡುತ್ತ, ಒಂದೆರಡು ತಿಂಗಳು ಅಲ್ಲೇ ಸಂಸಾರ ಹೂಡುತ್ತದೆ. ಮೂರು ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಬೆರಳ ಸಂದಿ, ಮಣಿಕಟ್ಟು, ಕಂಕುಳು, ಸೊಂಟ, ಹೊಕ್ಕುಳ ಸುತ್ತ ಇವೆಲ್ಲ ಅದಕ್ಕೆ ಪ್ರಿಯವಾದ ಜಾಗಗಳು. ಕೂಸುಗಳಲ್ಲಿ ಅಂಗೈ, ಅಂಗಾಲು ಕೂಡ. ಮೈತುಂಬ ಗುಳ್ಳೆ ಎದ್ದವನ ಮೈಯಲ್ಲಿ ಸಾವಿರಾರು ನುಸಿ ಇರಬೇಕೆಂದು ನಮಗೆ ತೋರುತ್ತದೆ. ಇರುವುದು ಸಾಮಾನ್ಯವಾಗಿ ಹತ್ತು ಹದಿನೈದು, ಅಷ್ಟೆ. ಆ ನುಸಿ, ಅದರ ಮೊಟ್ಟೆ, ಅದರ ಮಲ ಇವುಗಳಿಗೆ ನಮ್ಮ ದೇಹ ಸಿಟ್ಟುಗೊಳ್ಳುವುದೇ ತುರಿಕೆ. ರಾತ್ರಿ ಹೊದ್ದು ಮಲಗಿದ ಮೇಲಂತೂ ಅದು ತಡೆಯಲಾರದಷ್ಟು. ನಿದ್ದೆ ಇಲ್ಲದ ಮಗು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸಿದರೆ ಅದನ್ನು ದಡ್ಡನೆಂದು ಕರೆಯುವುದು ಎಷ್ಟು ಅನ್ಯಾಯ, ಯೋಚಿಸಿ.

ಇಲ್ಲೊಂದು ಮುಖ್ಯವಾದ ಸಂಗತಿ ಇದೆ. ಪೆನ್ಸಿಲ್ ಇದ್ದರೆ ಗೆರೆ ಎಳೆದುಕೊಳ್ಳಿ. ಮೊದಲ ಸಲ ನುಸಿ ಹತ್ತಿದವರಿಗೆ ದೇಹ ಸಿಟ್ಟುಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಷ್ಟೂ ದಿನ ತುರಿಕೆಯಿಲ್ಲ, ಗುಳ್ಳೆಯಿಲ್ಲ, ಆದರೆ ಅವರಿಂದ ಇನ್ನೊಬ್ಬರಿಗೆ ಮಾತ್ರ ಹರಡಬಹುದು. ಎರಡನೆಯ ಸಲ ಬಂದರೆ ಒಂದೆರಡು ದಿನಕ್ಕೇ ತುರಿಕೆ ಶುರು. ಎಂದರೆ ಮನೆಯಲ್ಲಿ ಮೊದಲು ಕೆರೆದುಕೊಂಡವರೇ ರೋಗ ತಂದವರೆಂದು ತೀರ್ಮಾನಿಸುವಂತಿಲ್ಲ.

ಇದನ್ನು ಪರೀಕ್ಷಿಸಿ ತೋರಿಸಿದವರು ಇಂಗ್ಲೆಂಡಿನ ಕೆನೆತ್ ಮೆಲನ್‌ಬಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಕೊಲ್ಲುವುದು ತಮ್ಮ ಆತ್ಮಸಾಕ್ಷಿಗೆ ಒಪ್ಪದೆಂದು ಸೈನ್ಯಕ್ಕೆ ಸೇರದ ಕೆಲವು ಯುವಕರು ಷೆಫೀಲ್ಡಿನಲ್ಲಿ ತಮ್ಮ ಮೈಯನ್ನೇ ಈ ಪ್ರಯೋಗಕ್ಕೆ ಒಪ್ಪಿಸಿದರು. ಕಜ್ಜಿ ಹಿಡಿದ ಸೈನಿಕರ ಒಳಬಟ್ಟೆ ತೊಟ್ಟರು, ಅವರು ಹೊದ್ದ ಕಂಬಳಿಯಲ್ಲಿ ಬೆತ್ತಲೆ ಮಲಗಿದರು. ನಿಮ್ಮ ವಯಸ್ಸಿನವರೇ! ಅಷ್ಟು ಮಾಡಿದರೂ ರೋಗ ಹತ್ತಿದ್ದು ತೀರ ಕಡಿಮೆ ಮಂದಿಗೆ. ಬಟ್ಟೆಗಿಂತ ಮೈಗೆ ಮೈ ತಾಗಿಸಿಕೊಂಡು ಬಹಳ ಹೊತ್ತು ಇರುವುದೇ ಇದರ ಹಾದಿ ಎಂಬುದು ಹಾಗೆ ತಿಳಿಯಿತು. ಒಂದು ಶೇಕ್‌ಹ್ಯಾಂಡಿನಿಂದ ಸಾಮಾನ್ಯವಾಗಿ ಬರುವುದಿಲ್ಲ. ಹತ್ತು ಹದಿನೈದು ನಿಮಿಷ ಕೈ ಹಿಡಿದುಕೊಂಡಿದ್ದರೆ, ಒಂದೇ ಚಾಪೆಯ ಮೇಲೆ ಮಲಗಿದರೆ, ಎತ್ತಿಕೊಂಡು ತುತ್ತು ಉಣಿಸಿದರೆ ಬರುತ್ತದೆ. ಮಕ್ಕಳಲ್ಲಿ ಇಷ್ಟು ಹೆಚ್ಚು ಏಕೆಂದು ಈಗ ಗೊತ್ತಾಯಿತಲ್ಲ? ಅವರು ಒಬ್ಬರನ್ನೊಬ್ಬರು ಅಂಟಿಕೊಂಡೇ ಬದುಕುವವರು. ನಮ್ಮ ದೇಶದ ಶಾಲಾ ತಪಾಸಣೆಗಳ ಅಂಕಿಗಳು ಊರಿಂದ ಊರಿಗೆ ಬಹಳ ಬೇರೆಯಾದರೂ, ಮಕ್ಕಳು ಒತ್ತಾಗಿ ಮಲಗುವ ಹಾಸ್ಟೆಲುಗಳಲ್ಲಿ ಹೆಚ್ಚು ಎಂಬುದು ಮತ್ತೆ ಮತ್ತೆ ಕಾಣುವ ಸಂಗತಿ. ನಮ್ಮ ಮಾವನವರು ಹುಡುಗನಾಗಿದ್ದಾಗ ಮುಂಬಯಿಗೆ ಬಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆಯುತ್ತ ರಾತ್ರಿ ಶಾಲೆಯಲ್ಲಿ ಓದಿದವರು. ಹೋಟೆಲಿನ ಅಟ್ಟದ ಮೇಲೆ ಹತ್ತು ಹುಡುಗರು ಸಾಲಾಗಿ ಮಲಗುತ್ತಿದ್ದರಂತೆ. "ಒಬ್ಬ ಕೆರೆದುಕೊಂಡರೆ ಹತ್ತೂ ಜನ ಮಗ್ಗುಲು ಬದಲಿಸಬೇಕು" ಎಂದು ನಗುತ್ತ ಹೇಳುತ್ತಿದ್ದರು. ಈಗ ಎ.ಸಿ. ಕೋಣೆಯಲ್ಲಿ ಒಬ್ಬೊಬ್ಬರೇ ಮಲಗುವ ನಿಮ್ಮಲ್ಲಿ ಎಷ್ಟೋ ಜನ ಅಂಥ ಅಟ್ಟದಿಂದ ಇಳಿದು ಬಂದವರ ಮೊಮ್ಮಕ್ಕಳು.

ಈ ನುಸಿಯನ್ನು ಕಂಡುಹಿಡಿದ ಕತೆಯೂ ಹೇಳತಕ್ಕದ್ದೇ. 1687ರಲ್ಲಿ ಇಟಲಿಯ ಬೊನೊಮೊ ಎಂಬ ವೈದ್ಯ, ಚೆಸ್ಟೋನಿ ಎಂಬ ಔಷಧಿ ಅಂಗಡಿಯವನ ಜೊತೆ ಸೇರಿ, ಸೂಕ್ಷ್ಮದರ್ಶಕದಲ್ಲಿ ನುಸಿಯನ್ನು ನೋಡಿ ಚಿತ್ರ ಬರೆದು ಪ್ರಕಟಿಸಿದ. ಒಂದು ರೋಗಕ್ಕೆ ಇಂಥದೇ ಜೀವಿ ಕಾರಣ ಎಂದು ತೋರಿಸಿದ ಮೊಟ್ಟಮೊದಲ ನಿದರ್ಶನಗಳಲ್ಲಿ ಇದೊಂದು. ಅವನಿಗೆ ಸುಳಿವು ಸಿಕ್ಕಿದ್ದೆಲ್ಲಿ? ಬಡ ಹೆಂಗಸರು ತಮ್ಮ ಮಕ್ಕಳ ಕಜ್ಜಿಯೊಳಗಿಂದ ಸೂಜಿಯ ಮೊನೆಯಲ್ಲಿ ಏನನ್ನೋ ತೆಗೆಯುವುದನ್ನು ನೋಡಿ. ಆದರೆ ದೊಡ್ಡ ದೊಡ್ಡ ಪಂಡಿತರು ಕಜ್ಜಿ ಕೆಟ್ಟ ರಕ್ತದಿಂದಲೇ ಬರುವುದೆಂದು ಮತ್ತೂ ನೂರೈವತ್ತು ವರ್ಷ ಪಟ್ಟು ಹಿಡಿದರು. ನಡುವೆ 1812ರಲ್ಲಿ ಪ್ಯಾರಿಸಿನ ಗಾಲೆಸ್ ಎಂಬಾತ ನುಸಿ ಕಂಡೆನೆಂದು ಪ್ರಬಂಧ ಬರೆದ. ಅವನ ಚಿತ್ರದಲ್ಲಿದ್ದದ್ದು ಚೀಸಿನಲ್ಲಿ ಆಗುವ ಹುಳ! ಕೊನೆಗೆ 1834ರಲ್ಲಿ ರೆನೂಚಿ ಎಂಬ ವಿದ್ಯಾರ್ಥಿ ಪ್ಯಾರಿಸಿನ ಆಸ್ಪತ್ರೆಯಲ್ಲಿ ಎಲ್ಲರೆದುರು ಸೂಜಿಯಿಂದ ನುಸಿ ತೆಗೆದು ತೋರಿಸಿ ಪಂಡಿತರ ಬಾಯಿ ಮುಚ್ಚಿಸಿದ. ಅವನು ಕಾರ್ಸಿಕಾ ದ್ವೀಪದವನು. ಆ ಕೈಚಳಕವನ್ನು ಕಲಿತದ್ದು ತನ್ನ ಊರಿನ ರೈತ ಹೆಂಗಸರಿಂದ. ಅಡುಗೆಮನೆಯ ಜ್ಞಾನವನ್ನು ಯಾರಾದರೂ ಹಗುರವಾಗಿ ಮಾತಾಡಿದರೆ ನಾನು ಈ ಕತೆ ಹೇಳುತ್ತೇನೆ. (ಬಿ.ಎ.ಯಲ್ಲಿ ನಾವು ಜೂಲಿಯಸ್ ಸೀಸರ್ ಓದುವಾಗ ಬ್ರೂಟಸ್ ಕ್ಯಾಸಿಯಸನ ಮೇಲೆ ಹೊರಿಸುವ ಆರೋಪ ಅಂಗೈ ತುರಿಕೆಯದು; ಲಂಚದಾಸೆ ಎಂದರ್ಥ. ನಮ್ಮಲ್ಲಿ ಅಂಗೈ ತುರಿಸಿದರೆ ದುಡ್ಡು ಬರುತ್ತದೆ ಎನ್ನುತ್ತಾರೆ. ತುರಿಕೆಗೆ ಎಲ್ಲೆಡೆಯೂ ಏನಾದರೊಂದು ಅರ್ಥ ಹಚ್ಚಿದ್ದೇ, ಚರ್ಮ ನೋಡಿದವರು ಮಾತ್ರ ಕಡಿಮೆ.)

ತುರಿಕೆಯಷ್ಟೇ ಆಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಕೆರೆದ ಗಾಯದೊಳಗೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣು ಸೇರಿ ಕೀವಾಗುತ್ತದೆ. ಕೆಲವು ಮಕ್ಕಳಲ್ಲಿ ಅದರ ಪರಿಣಾಮ ಮೂತ್ರಪಿಂಡಕ್ಕೂ ತಗಲುತ್ತದೆ. ಮುಖ ಊದಿಕೊಳ್ಳುತ್ತದೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗುತ್ತದೆ. ಬರೀ ಕಜ್ಜಿ ತಾನೇ ಎನ್ನುವವರಿಗೆ ಇದು ಗೊತ್ತಿರುವುದಿಲ್ಲ.

ಹಾಗಾದರೆ ಇಡೀ ಶಾಲೆಗೆ, ಇಡೀ ಊರಿಗೆ ಹತ್ತಿದ್ದನ್ನು ಹೋಗಲಾಡಿಸಲು ಸಾಧ್ಯವೇ? ಫಿಜಿ ದ್ವೀಪಗಳವರು ಮಾಡಿ ತೋರಿಸಿದ್ದಾರೆ. ಅಲ್ಲಿ 2007ರಲ್ಲಿ ದೇಶವ್ಯಾಪಿ ಸಮೀಕ್ಷೆ ಮಾಡಿದಾಗ, ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ 43ಕ್ಕಿಂತ ಹೆಚ್ಚು ಮಂದಿಗೆ ಕಜ್ಜಿ ಇತ್ತು. ಆಮೇಲೆ ಮೂರು ಕಡೆ ಮೂರು ರೀತಿ ಮಾಡಿ ನೋಡಿದರು. ಒಂದು ಕಡೆ ರೋಗ ಇದ್ದವರಿಗೂ ಅವರ ಹತ್ತಿರದವರಿಗೂ ಮಾತ್ರ ಎಂದಿನಂತೆ ಮುಲಾಮು. ಇನ್ನೊಂದು ಕಡೆ ತುರಿಕೆ ಇರಲಿ ಬಿಡಲಿ ಎಲ್ಲರಿಗೂ ಪರ್ಮೆತ್ರಿನ್ ಮುಲಾಮು. ಮತ್ತೊಂದು ಕಡೆ ಎಲ್ಲರಿಗೂ ಐವರ್‌ಮೆಕ್ಟಿನ್ ಮಾತ್ರೆ. ಒಂದು ವರ್ಷದ ನಂತರ ಎಣಿಸಿದರೆ ಮೊದಲ ಕಡೆ ನೂರಕ್ಕೆ 36.6 ಇದ್ದದ್ದು 18.8 ಆಗಿತ್ತು, ಎರಡನೆಯ ಕಡೆ 41.7 ಇದ್ದದ್ದು 15.8. ಮಾತ್ರೆ ಕೊಟ್ಟ ಕಡೆ 32.1 ಇದ್ದದ್ದು 1.9ಕ್ಕೆ ಇಳಿದಿತ್ತು! 2015ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಐವರ್‌ಮೆಕ್ಟಿನ್ನಿನ ಮೂಲವಸ್ತುವನ್ನು ಕಂಡುಹಿಡಿದ ಒಮುರಾ ಮತ್ತು ಕ್ಯಾಂಪ್‌ಬೆಲ್ ಅವರಿಗೆ ನೊಬೆಲ್ ಬಂದದ್ದೂ ಅದೇ ವರ್ಷ. ಹೌದು, ಕೋವಿಡ್ ಕಾಲದಲ್ಲಿ ನಿಮ್ಮ ವಾಟ್ಸಾಪಿನಲ್ಲಿ ಓಡಾಡಿತಲ್ಲ, ಅದೇ ಮಾತ್ರೆ. ಅಲ್ಲಿ ಅದರಿಂದ ಪ್ರಯೋಜನವಾಗಲಿಲ್ಲ. ಅದರ ನಿಜವಾದ ಕೆಲಸ ಇಂಥ ಕಡೆ. ಈಗ ಒಂದು ಪ್ರದೇಶದಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಕಜ್ಜಿ ಇದ್ದರೆ ಎಲ್ಲರಿಗೂ ಒಟ್ಟಿಗೇ ಔಷಧಿ ಕೊಡಬೇಕೆಂಬುದು ತಜ್ಞರ ಸಲಹೆ.

ಬೇವು ಅರಿಶಿನದ ಮಾತು ನೀವು ಎತ್ತುವ ಮೊದಲೇ ಹೇಳಿಬಿಡುತ್ತೇನೆ. ಬೇವಿನೆಲೆ, ಅರಿಶಿನ ಅರೆದು ಹಚ್ಚಿ ಬಹಳ ಮಂದಿಗೆ ವಾಸಿಯಾಯಿತೆಂದು 1992ರಲ್ಲಿ ಒಂದು ಅಧ್ಯಯನ ಪ್ರಕಟವಾಗಿತ್ತು. ಆದರೆ ಹೋಲಿಸಿ ನೋಡಲು ಬೇರೆ ಗುಂಪು ಅದರಲ್ಲಿ ಇರಲಿಲ್ಲ. ನನ್ನ ಅಡುಗೆಮನೆಯ ಅಭಿಮಾನ ಎಷ್ಟಿದ್ದರೂ, ಮಗುವಿನ ಮೈಗೆ ನಾನು ಹಚ್ಚುವುದು ಡಾಕ್ಟರು ಬರೆದ ಮುಲಾಮನ್ನೇ.

ಇನ್ನು ಆ ನೆನಪು. ನಾನು ಮದುವೆಯಾಗಿ ಮುಂಬಯಿಗೆ ಬಂದದ್ದು 1993ರಲ್ಲಿ. 2003ರ ಬೇಸಿಗೆಗೆ ಏಳು ವರ್ಷದ ಮಗನನ್ನು ಕರೆದುಕೊಂಡು ತವರಿಗೆ ಹೋಗಿದ್ದೆ. ಅಲ್ಲಿ ಪಡಸಾಲೆಯಲ್ಲಿ ದೊಡ್ಡ ಜಮಖಾನ ಹಾಸಿ ಅಣ್ಣ ತಮ್ಮಂದಿರ ಮಕ್ಕಳೆಲ್ಲ ಒಟ್ಟಿಗೆ ಮಲಗಿದರು. ಜೂನಿನಲ್ಲಿ ಶಾಲೆ ಶುರುವಾಯಿತು. ಜುಲೈ ಮೊದಲ ವಾರ ಮಗ ರಾತ್ರಿ ಕೆರೆದುಕೊಳ್ಳತೊಡಗಿದ. ಮಳೆಗಾಲದ ಸೊಳ್ಳೆ ಎಂದುಕೊಂಡೆ. ಹಳ್ಳಿಯಲ್ಲಿ ಆ ಸಾಲಿನಲ್ಲಿ ನಿಂತು ಬಂದ ನನಗೇ ಕಜ್ಜಿಯ ಗುರುತು ಸಿಗಲಿಲ್ಲ. ಸಿಗಲಿಲ್ಲವೋ, ಬೇಡವೆನಿಸಿತೋ! ಮೆಡಿಕಲ್ ಅಂಗಡಿಯವನನ್ನು ಕೇಳಿ ಒಂದು ಟ್ಯೂಬ್ ತಂದು ಹಚ್ಚಿದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಅದು ಕೆಂಪನ್ನು, ತುರಿಕೆಯನ್ನು ಮುಚ್ಚಿಡುತ್ತದೆ, ನುಸಿಯನ್ನು ಕೊಲ್ಲುವುದಿಲ್ಲ. ಕಡಿಮೆಯಾಯಿತೆಂದು ನಾನು ಸಮಾಧಾನಪಟ್ಟೆ.

ನಮ್ಮ ಮನೆಗೆ ಒಬ್ಬ ಬಾಯಿ ಬರುತ್ತಿದ್ದಳು. ಪಾತ್ರೆ, ಬಟ್ಟೆ ಅವಳ ಕೆಲಸ. ಆದರೆ ಮಗನಿಗೆ ಸ್ನಾನ ಮಾಡಿಸುವುದು, ತೊಡೆಯ ಮೇಲೆ ಕೂರಿಸಿಕೊಂಡು ಊಟ ಮಾಡಿಸುವುದು ಎಲ್ಲ ಅವಳು ಪ್ರೀತಿಗೆ ಮಾಡುತ್ತಿದ್ದದ್ದು. ಆಗಸ್ಟ್ ನಡುವೆ ಒಂದು ದಿನ ಅವಳು ಸಿಂಕಿನ ಮುಂದೆ ನಿಂತು ಮಣಿಕಟ್ಟು ಕೆರೆದುಕೊಳ್ಳುವುದು ಕಂಡಿತು. ಬೆರಳ ಸಂದಿಯಲ್ಲಿ ಗುಳ್ಳೆಗಳು. ಅವಳ ಕೈಯಲ್ಲಿ ಮಾತ್ರ ನನಗೆ ಕಜ್ಜಿಯ ಗುರುತು ತಕ್ಷಣ ಸಿಕ್ಕಿತು! "ನಿನ್ನಿಂದಲೇ ನನ್ನ ಮಗನಿಗೆ ಬಂತು" ಎಂದೆ. ತಿಂಗಳ ಪೂರ್ತಿ ಸಂಬಳ ಕೊಟ್ಟು, ನಾಳೆಯಿಂದ ಬರಬೇಡ ಎಂದೆ. ಪೂರ್ತಿ ಸಂಬಳ ಕೊಟ್ಟೆನೆಂಬ ಹೆಮ್ಮೆ ಬೇರೆ. ಅವಳು ಏನೂ ಹೇಳಲಿಲ್ಲ. ಸೆರಗಿನಲ್ಲಿ ಕೈ ಸುತ್ತಿಕೊಂಡು ಇಳಿದು ಹೋದಳು.

ಸೆಪ್ಟೆಂಬರಿನಲ್ಲಿ ನನಗೂ ನಮ್ಮವರಿಗೂ ಶುರುವಾಯಿತು. ಆಗ ಚರ್ಮದ ಡಾಕ್ಟರ ಹತ್ತಿರ ಓಡಿದೆವು. ಅವರು ಮಗನಿಗೆ ಯಾವಾಗ ತುರಿಕೆ ಶುರುವಾಯಿತೆಂದು ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಐದು ವಾರ ಹಿಂದಕ್ಕೆ ಸರಿಸಿದರು. ಬೆರಳು ಮೇ ಕೊನೆಯ ವಾರದ ಮೇಲೆ ನಿಂತಿತು. ಆ ರಾತ್ರಿಯೇ ಊರಿಗೆ ಫೋನು ಮಾಡಿದೆ. ಅತ್ತಿಗೆ ನಗುತ್ತ, "ಹೌದವ್ವಾ, ಈ ಸಲ ಎಲ್ಲಾ ಹುಡುಗರಿಗೂ ಹುರುಕು ಆಗಿತ್ತು. ನಿಮಗೆ ಹೇಳೂದು ಮರ್ತೆ" ಎಂದರು.

ಬಾಯಿಯನ್ನು ಹುಡುಕಲು ನಾಲ್ಕು ದಿನ ಹಿಡಿಯಿತು. ಅವಳ ಚಾಳಿನ ಖೋಲಿಯಲ್ಲಿ ಐದು ಜನ ಮಲಗುವ ಜಾಗ ನಮ್ಮ ಬಾಲ್ಕನಿಯಷ್ಟೇ ಇತ್ತು. ಅವಳ ಇಬ್ಬರು ಮಕ್ಕಳಿಗೂ ಹತ್ತಿತ್ತು. ಶಾಲೆಯಲ್ಲಿ ಟೀಚರು ಮಗಳನ್ನು ಬಾಗಿಲ ಹತ್ತಿರ ಬೇರೆ ಕೂರಿಸಿದ್ದರಂತೆ. ಆ ಹುಡುಗಿ ಹೋಗುವುದನ್ನೇ ನಿಲ್ಲಿಸಿದ್ದಳು. ನಾನು ಐದು ಜನಕ್ಕೆ ಸಾಕಾಗುವಷ್ಟು ಮುಲಾಮು ಒಯ್ದಿದ್ದೆ. ಹೇಗೆ ಹಚ್ಚಬೇಕೆಂದು ಹೇಳಿದೆ. ರೋಗ ನಮ್ಮ ಮನೆಯಿಂದ ಬಂದದ್ದು, ನಿನ್ನದಲ್ಲ ಎಂದೂ ಹೇಳಿದೆ. ಮುಲಾಮು ತೆಗೆದುಕೊಂಡಳು. ಮರಳಿ ಕೆಲಸಕ್ಕೆ ಬಾ ಎಂದದ್ದಕ್ಕೆ ತಲೆಯಾಡಿಸಿ ಬೇಡ ಎಂದಳು. "ಬಾಬಾ ಕಸಾ ಆಹೆ?" ಎಂದು ಮಾತ್ರ ಕೇಳಿದಳು, ಮಗು ಹೇಗಿದ್ದಾನೆ ಎಂದು.

ಇರಲಿ. ಆ ಹುಡುಗಿಗೂ, ಅವಳಂತೆ ಮಕ್ಕಳ ನಡುವೆ ಕೆಲಸ ಮಾಡುವ ನಿಮಗೂ ನಾನು ಹೇಳುವುದು ಇಷ್ಟು. ಹೋಗುವುದನ್ನು ಬಿಡಬೇಡಿ. ಎದುರಿಗೆ ಕೂತು ಗಣಿತ ಹೇಳಿಕೊಟ್ಟರೆ ಬರುವ ರೋಗ ಇದಲ್ಲ. ಚಿಕಿತ್ಸೆ ಆಗುವವರೆಗೆ ಎತ್ತಿ ಮುದ್ದಾಡುವುದನ್ನು ಮಾತ್ರ ತಡೆದುಕೊಳ್ಳಿ. ವಾರ್ಡನ್ನರ ಹತ್ತಿರ ಮಾತಾಡಿ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬಂದು ನೋಡುವ ಕಾಯಿಲೆಗಳಲ್ಲಿ ಚರ್ಮರೋಗವೂ ಸೇರಿದೆ, ಅವರನ್ನು ಕರೆಸಬಹುದು. ಹನ್ನೆರಡು ಮಕ್ಕಳಿಗೆ ಮಾತ್ರ ಔಷಧಿ ಕೊಡಿಸಿದರೆ ಪ್ರಯೋಜನವಿಲ್ಲ. ಮೂವತ್ತೂ ಮಕ್ಕಳಿಗೆ, ಅಡುಗೆಯವರಿಗೆ, ವಾರ್ಡನ್ನರ ಮನೆಯವರಿಗೆ ಒಂದೇ ದಿನ ಆಗಬೇಕು. ಪರ್ಮೆತ್ರಿನ್ ಕೊಟ್ಟರೆ ಕುತ್ತಿಗೆಯಿಂದ ಅಂಗಾಲಿನವರೆಗೆ, ಉಗುರಿನ ಸಂದಿಯನ್ನೂ ಬಿಡದೆ ರಾತ್ರಿ ಹಚ್ಚಿ ಬೆಳಿಗ್ಗೆ ಸ್ನಾನ. ಒಂದು ವಾರ ಬಿಟ್ಟು ಇನ್ನೊಮ್ಮೆ. ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು, ಇದನ್ನು ಎಲ್ಲರೂ ಮರೆಯುತ್ತಾರೆ. ಕೂಸುಗಳ ವಿಷಯದಲ್ಲಿ, ಬಸುರಿಯರ ವಿಷಯದಲ್ಲಿ ಡಾಕ್ಟರನ್ನು ಕೇಳದೆ ಏನೂ ಮಾಡಬೇಡಿ. ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಹಾಸಿಗೆ ಬಿಸಿನೀರಿಗೆ ಹಾಕಿ ಬಿಸಿಲಿಗೆ. ತೊಳೆಯಲಾಗದ್ದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಇಟ್ಟರೆ ಸಾಕು, ಮೈ ಸಿಗದ ನುಸಿ ಎರಡು ಮೂರು ದಿನಕ್ಕೆ ಸಾಯುತ್ತದೆ. ನುಸಿ ಸತ್ತ ಮೇಲೂ ತುರಿಕೆ ಎರಡು ನಾಲ್ಕು ವಾರ ಉಳಿಯಬಹುದು. ಔಷಧಿ ಕೆಲಸ ಮಾಡಲಿಲ್ಲವೆಂದು ದಿನವೂ ಬಳಿಯಬೇಡಿ. ಮತ್ತೆ, ಮೊದಲ ಸಲ ಹಚ್ಚಿ ಸ್ನಾನವಾದ ಮರುದಿನವೇ ಮಗು ತರಗತಿಗೆ ಬರಬಹುದು. ಬಾಗಿಲ ಹತ್ತಿರ ಬೇರೆ ಕೂರಿಸಬೇಕಾಗಿಲ್ಲ, ತನ್ನ ಜಾಗದಲ್ಲೇ ಕೂರಬಹುದು.

ಆ ಹುಡುಗಿಯ ತಾಯಿಗೆ ನಾನೇ ಫೋನು ಮಾಡಿದ್ದೇನೆ. ಮುಂದಿನ ಶನಿವಾರ ಅವಳ ಜೊತೆ ನಾವಿಬ್ಬರೂ ಹೋಗಿ ಹಾಸ್ಟೆಲಿನವರನ್ನು ನೋಡಿ ಬರುವುದೆಂದು ಮಾತಾಗಿದೆ. ಬೆಳಿಗ್ಗೆ ಏಳೂವರೆಯ ಲೋಕಲ್. ಬರುವವರಿದ್ದರೆ ಸಂಘದ ಆಫೀಸಿನಲ್ಲಿ ಹೆಸರು ಬರೆಸಿ, ಹಳೆಯ ಆದರೆ ಒಗೆದ ಬೆಡ್‌ಶೀಟುಗಳಿದ್ದರೆ ತನ್ನಿ.